27 ಎಚ್‌ಪಿ ಮಿನಿ ಟ್ರ್ಯಾಕ್ಟರ್‌ಗೆ ನಾಲ್ಕು ಅಡಿ ರೋಟವೇಟರ್ ಸಾಕಾ, ಐದು ಅಡಿ ಬೇಕಾ?

ಪ್ರಶ್ನೆ: ಸರ್, ನಮ್ಮದು ಚನ್ನಗಿರಿ ಕಡೆ ಅಡಿಕೆ ತೋಟ, ಸಾಲಿಂದ ಸಾಲಿಗೆ 9 ಅಡಿ. ಪಕ್ಕದಲ್ಲಿ ಎರಡು ಎಕರೆ ಮೆಕ್ಕೆಜೋಳದ ಹೊಲ ಇದೆ, ಕೆಂಪು ಮಣ್ಣು. 27 ಎಚ್‌ಪಿ ಮಿನಿ ಟ್ರ್ಯಾಕ್ಟರ್ ತಗೊಂಡಿದ್ದೇವೆ. ಅಂಗಡಿಯವರು ಮಣ್ಣು ಪುಡಿ ಮಾಡೋ ರೋಟವೇಟರ್ ಐದು ಅಡಿ ಅಗಲದ್ದೇ ತಗೊಳ್ಳಿ, ಕೆಲಸ ಬೇಗ ಆಗುತ್ತೆ ಅಂತಾರೆ. ಯಾವುದು ಸರಿ?

ಉತ್ತರ: ನಾಲ್ಕು ಅಡಿಯದೇ ತಗೊಳ್ಳಿ. ಎಂಜಿನ್ 27 ಎಚ್‌ಪಿ ಇದ್ದರೂ ಹಿಂದೆ ಉಪಕರಣ ತಿರುಗಿಸುವ ಶಾಫ್ಟಿಗೆ, ಅಂದರೆ ಪಿಟಿಒಗೆ, ಸಿಗೋದು 22–23 ಅಷ್ಟೆ, ರೋಟವೇಟರ್ ತಿರುಗೋದು ಅದರ ಮೇಲೆ. ಐದು ಅಡಿಯದಕ್ಕೆ 35 ಎಚ್‌ಪಿ ಮೇಲಿನ ಗಾಡಿ ಬೇಕು. ನಿಮ್ಮದಕ್ಕೆ ಕಟ್ಟಿದರೆ ಮಣ್ಣು ಸ್ವಲ್ಪ ಗಟ್ಟಿ ಸಿಕ್ಕ ಕೂಡಲೇ ಆರ್‌ಪಿಎಂ ಇಳಿದು ಕಪ್ಪು ಹೊಗೆ ಬರುತ್ತದೆ, ನೀವು ಲಿಫ್ಟ್ ಎತ್ತಿ ಎತ್ತಿ ಮೇಲ್ಮೇಲೆ ಕೆರೆದುಕೊಂಡು ಹೋಗಬೇಕಾಗುತ್ತದೆ, ಆಮೇಲೆ ಬೇಗ ಆಗೋದು ಎಲ್ಲಿಂದ? ಭಾರವೂ ಜಾಸ್ತಿ, ಎತ್ತಿದಾಗ ಮುಂದಿನ ಚಕ್ರ ಹಗುರ ಆಗಿ ಸ್ಟೀರಿಂಗ್ ಮಾತು ಕೇಳಲ್ಲ.

ಒಂದು ಅಳತೆ ಹೇಳಿ. ಹಿಂದಿನ ಎರಡೂ ಟೈರಿನ ಹೊರ ಅಂಚಿಂದ ಹೊರ ಅಂಚಿಗೆ ಎಷ್ಟು ಇಂಚು?

ಪ್ರಶ್ನೆ: 42 ಇಂಚು ಬಂತು ಸರ್.

ಉತ್ತರ: ಹಾಗಾದರೆ ಸರಿಯಾಗಿದೆ. ನಾಲ್ಕು ಅಡಿ ಅಂದರೆ 48 ಇಂಚು, ಎರಡೂ ಕಡೆ ಮೂರು ಮೂರು ಇಂಚು ಹೊರಗೆ ಬರುತ್ತದೆ, ಟೈರ್ ತುಳಿದ ಗುರುತು ಉಳಿಯಲ್ಲ. ತೋಟದ ಲೆಕ್ಕವೂ ನೋಡಿ: 9 ಅಡಿ ಸಾಲಲ್ಲಿ ಮಧ್ಯೆ ನಾಲ್ಕು ಅಡಿ ಓಡಿಸಿದರೆ ಬುಡಕ್ಕೆ ಎರಡೂ ಕಡೆ ಎರಡೂವರೆ ಅಡಿ ಸಿಗುತ್ತದೆ. ಅಡಿಕೆಯ ಬೇರು ಬಹಳಷ್ಟು ಮೇಲೇ ಹರಡಿರುತ್ತದೆ ಅಲ್ವಾ, ಅದಕ್ಕೆ ತೋಟದಲ್ಲಿ ಎರಡು ಮೂರು ಇಂಚಿಗಿಂತ ಆಳ ಬಿಡಲೇಬೇಡಿ. ಫಸಲು ಬರುವ ತೋಟಕ್ಕೆ ಪದೇ ಪದೇ ರೋಟವೇಟರ್ ಹೊಡೆಯೋದು ನನಗಂತೂ ಒಪ್ಪಿಗೆ ಇಲ್ಲ. ಕಳೆಗೆ ಬ್ರಷ್ ಕಟರ್ ಸಾಕು.

ಹೊಲಕ್ಕೆ ಎಲ್ ಆಕಾರದ ಬ್ಲೇಡ್ ಇರಲಿ, ಜೋಳದ ಕೂಳೆಯನ್ನು ಕತ್ತರಿಸಿ ಮಣ್ಣಿಗೆ ಸೇರಿಸುತ್ತದೆ. ಓಡಿಸುವ ಮೊದಲು ಒಂದು ಹಿಡಿ ಮಣ್ಣು ಅದುಮಿ ಕೆಳಗೆ ಬಿಡಿ. ಉಂಡೆ ಒಡೆದು ಪುಡಿಯಾದರೆ ಹದ ಇದೆ, ಹಾಗೇ ಮುದ್ದೆಯಾಗಿ ಉಳಿದರೆ ಇನ್ನೆರಡು ದಿನ ಕಾಯಿರಿ.

ಪ್ರಶ್ನೆ: ಕಲ್ಲು ಅಲ್ಲಲ್ಲಿ ಇದೆ. ಶಾಫ್ಟಿನ ಬೋಲ್ಟ್ ಪದೇ ಪದೇ ಕಟ್ ಆಗುತ್ತೆ, ಗಟ್ಟಿ ಬೋಲ್ಟ್ ಹಾಕಿ ಅಂತಾರೆ?

ಉತ್ತರ: ಬೇಡವೇ ಬೇಡ. ಆ ಶಿಯರ್ ಬೋಲ್ಟ್ ಇರೋದೇ ಕಟ್ ಆಗೋದಕ್ಕೆ. ಅದು ಉಳಿದುಕೊಂಡರೆ ಏಟು ಗೇರ್‌ಬಾಕ್ಸಿಗೆ ಬೀಳುತ್ತದೆ. ಕಂಪನಿ ಹೇಳಿದ ಬೋಲ್ಟೇ ನಾಲ್ಕೈದು ತಂದು ಟೂಲ್ ಬಾಕ್ಸಲ್ಲಿ ಇಟ್ಟುಕೊಳ್ಳಿ. ಬದಲಾಯಿಸುವಾಗ ಎಂಜಿನ್ ಆಫ್ ಮಾಡಿ, ಕೀ ತೆಗೆದು ಜೇಬಿಗೆ ಹಾಕಿಕೊಂಡೇ ಕೈ ಹಾಕಿ.