ತಗಡಿನ ಶೀಟಿನ ಶಾಲಾ ಕೋಣೆ: ಸೆಕೆಗೆ ಏನು ಮಾಡೋದು?

ಪ್ರಶ್ನೆ (ಸುರಪುರ ಕಡೆಯ ಮೇಷ್ಟ್ರು):
ನಮ್ಮ ಸಾಲಿ ಎರಡು ಕೋಣೆಗೆ ತಗಡಿನ ಶೀಟು. ಮಾರ್ಚ್ ಬಂತಂದ್ರ ಹನ್ನೊಂದು ಗಂಟೆಗೇ ಹುಡುಗರು ನೋಟ್‌ಬುಕ್ಕಿನಿಂದ ಗಾಳಿ ಹಾಕ್ಕೊಂತ ಕೂಡ್ತಾವ. ಫ್ಯಾನ್ ಹಚ್ಚಿದ್ರ ಬಿಸಿಗಾಳೀನೇ ಕೆಳಗ ಬರ್ತದ. ಈಗ ಹೊಸ ಎರಡು ಕೋಣೆ ಮಂಜೂರಾಗ್ಯಾವ. ಎಸ್‌ಡಿಎಂಸಿಯವರಿಗೆ (ಸಾಲಿ ಅಭಿವೃದ್ಧಿ ಸಮಿತಿಯವರಿಗೆ) ಏನಂತ ಹೇಳ್ಲಿ? ಎಸಿ ಗಿಸಿ ಮಾತು ಬ್ಯಾಡ, ಕರೆಂಟೇ ನೆಟ್ಟಗಿರಂಗಿಲ್ಲ.

ಉತ್ತರ 1 (ಸಿವಿಲ್ ಎಂಜಿನಿಯರ್, ಮೈಸೂರು):
ಸರ್, ಮೊದಲು ದಿಕ್ಕು ನೋಡಿ. ಕೋಣೆಯ ಉದ್ದ ಪೂರ್ವ-ಪಶ್ಚಿಮಕ್ಕಿರಲಿ, ಕಿಟಕಿ ಉತ್ತರ-ದಕ್ಷಿಣಕ್ಕೆ. ಪಶ್ಚಿಮದ ಗೋಡೆಗೆ ಕಿಟಕಿ ಬೇಡವೇ ಬೇಡ. ಗೋಡೆಗೆ ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆ ಆಗುತ್ತೆ, ಗೂಡಿನಲ್ಲಿ ಸುಡೋ ಕೆಲಸವಿಲ್ಲ. ಹಳ್ಳಿಗಳಿಗೆ ತಕ್ಕ ತಂತ್ರಜ್ಞಾನಕ್ಕಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐಐಎಸ್‌ಸಿ) 1974ರಲ್ಲಿ ಶುರುವಾದ ‘ಅಸ್ತ್ರ’ ತಂಡದವರು ಇದರ ಮೇಲೆ ತುಂಬಾ ಕೆಲಸ ಮಾಡಿದ್ದಾರೆ. ನಿಮ್ಮಲ್ಲಿ ಯಾವ ಮಣ್ಣು?

ಮೇಷ್ಟ್ರು: ಎರಿ ಐತ್ರಿ, ಕರೇ ಮಣ್ಣು.

ಉತ್ತರ 1: ಹಾಗಾದ್ರೆ ಅದೊಂದನ್ನೇ ಒತ್ತಿಸಬೇಡಿ ಸರ್, ಒಣಗಿದಾಗ ಬಿರುಕು ಬಿಡುತ್ತೆ. ಕೆಂಪು ಮಣ್ಣು ತರಿಸಿ. ಅಡಿಪಾಯವನ್ನೂ ಎರೆಗೆ ತಕ್ಕಂತೆ ಹಾಕಿಸಿ.

ಉತ್ತರ 2 (ನಿವೃತ್ತ ಹೆಡ್‌ಮಾಸ್ತರು, ಗದಗ):
ಹೊಸಾವು ಏಳೋತನಕ ಹುಡುಗರು ಬೇಯಬೇಕೇನ್ರಿ? ಹಳೇ ಶೀಟಿನ ಮ್ಯಾಲೆ ಬಿಳಿ ಸುಣ್ಣ ಬಳಸ್ರಿ. ನಾವು ಬಳಸಿದ್ವಿ, ಫರಕ್ ಕೈಗೆ ತಿಳೀತು. ಮಳಿಗೆ ತೊಳಕೊಂಡು ಹೋಗ್ತದ, ವರ್ಷಾ ಬಳೀಬೇಕು. ಶೀಟಿನ ನೀರಿಗೂ ಒಂದು ತೊಟ್ಟಿ ಕಟ್ಟಸ್ರಿ, ಗಿಡಕ್ಕಾಗ್ತದ. 100 ಚದರ ಮೀಟರ್ ಮ್ಯಾಲೆ 10 ಮಿಲಿಮೀಟರ್ ಮಳಿ ಬಿದ್ರ 1,000 ಲೀಟರ್ ಆತು.

ಮೇಷ್ಟ್ರು: ಸುಣ್ಣ ನಾಳೇನೇ ತರಸ್ತೀನ್ರಿ ಸರ. ಏಣಿ ಪಂಚಾಯ್ತಿಯೊಳಗ ಐತಿ, ಕೇಳಬೇಕು.