ಬಜೆಟ್‌ಗೆ ಮುಂಚೆ ಶಾಸಕರಿಗೆ ಮನವಿ ಕೊಡಬೇಕು. ನೊಂದ ಹೆಣ್ಣುಮಕ್ಕಳ ಕೇಂದ್ರಕ್ಕೆ ಏನೇನು ಕೇಳಬೇಕು?

ಒಕ್ಕೂಟದ ಟೈಲರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಹೊಲಿಗೆ ಕೆಲಸ ಮಾಡುತ್ತೇನೆ. ನಮ್ಮ ಪಂಚಾಯಿತಿಯ ಮಹಿಳಾ ಸಂಘಗಳ ಒಕ್ಕೂಟಕ್ಕೆ ಈ ವರ್ಷ ಕಾರ್ಯದರ್ಶಿ. ಇನ್ನು ಐದು ವಾರಕ್ಕೆ ಶಾಸಕರು ನಮ್ಮೂರಿಗೆ ಬರುತ್ತಾರೆ. ಬಜೆಟ್‌ಗೆ ಮುಂಚೆ ಅವರ ಕೈಗೆ ಒಂದು ಮನವಿ ಕೊಡಬೇಕು ಅಂತ ಎಲ್ಲರೂ ಸೇರಿ ತೀರ್ಮಾನ ಮಾಡಿದ್ದೇವೆ. ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ.

ಯಾಕೆ ಈ ಮನವಿ ಅಂತ ಮೊದಲು ಹೇಳಿಬಿಡುತ್ತೇನೆ. ಹೋದ ಮಳೆಗಾಲದಲ್ಲಿ ನನಗೆ ಗೊತ್ತಿರುವ ಒಬ್ಬ ಹೆಣ್ಣುಮಗಳ ಜೊತೆ ಆಸ್ಪತ್ರೆಗೆ ಹೋಗಬೇಕಾಯಿತು. ಅವಳು ಯಾರು, ಎಲ್ಲಿಯವಳು, ಏನಾಯಿತು ಅನ್ನುವುದನ್ನು ಬರೆಯುವುದಿಲ್ಲ. ಅದನ್ನು ಹೇಳುವ ಹಕ್ಕು ನನ್ನದಲ್ಲ. ಹತ್ತಿರದ ಆಸ್ಪತ್ರೆಯಲ್ಲಿ ‘ಇಲ್ಲಿ ಆಗಲ್ಲ, ದೊಡ್ಡಾಸ್ಪತ್ರೆಗೆ ಹೋಗಿ’ ಅಂದರು. ಅರವತ್ತು ಕಿಲೋಮೀಟರ್‌ಗೂ ಜಾಸ್ತಿ ದೂರ. ಕೊನೆಯ ಬಸ್ಸು ಹೋಗಿತ್ತು. 2,200 ರೂಪಾಯಿಗೆ ಕಾರು ಮಾಡಿಕೊಂಡು ಹೋದೆವು. ಮುಟ್ಟಿದಾಗ ರಾತ್ರಿ ಹನ್ನೊಂದು.

ಅಲ್ಲಿ ನೊಂದ ಹೆಣ್ಣುಮಕ್ಕಳಿಗೆ ನೆರವಾಗುವ ಸರ್ಕಾರದ ‘ಸಖಿ’ ಕೇಂದ್ರದ ಬೋರ್ಡ್ ಇತ್ತು. ಬೋರ್ಡಿಗೆ ಲೈಟೂ ಇತ್ತು. ಬಾಗಿಲಿಗೆ ಬೀಗ ಹಾಕಿತ್ತು. ಕಾವಲುಗಾರ ಪಾಪ, ಯಾರಿಗೋ ಫೋನ್ ಮಾಡಿದ. ಬೆಳಿಗ್ಗೆ ಹತ್ತಕ್ಕೆ ಬರುತ್ತಾರಂತೆ ಅಂದ. ಬೆಂಚಿನ ಮೇಲೆ ರಾತ್ರಿ ಕಳೆದೆವು. ‘ಅಕ್ಕಾ, ಮುಖ ಆದರೂ ತೊಳ್ಕೊಳ್ಳಲಾ?’ ಅಂತ ಎರಡು ಸಲ ಕೇಳಿದಳು. ಪರೀಕ್ಷೆ ಆಗುವ ತನಕ ತೊಳೆಯಬಾರದು ಅಂತ ಎಲ್ಲೋ ಕೇಳಿದ್ದೆ. ಬೇಡಮ್ಮ ಅಂದೆ. ಹಾಗೆ ಅಂದದ್ದು ಇವತ್ತಿಗೂ ನನ್ನ ಗಂಟಲಲ್ಲಿ ಇದೆ.

ಬೆಳಿಗ್ಗೆ ಸಾಕ್ಷಿಗೆ ಅಂತ ಅವಳ ಬಟ್ಟೆ ತೆಗೆದುಕೊಂಡರು. ಬದಲಿಗೆ ಉಡಲು ಏನೂ ಇರಲಿಲ್ಲ. ಆಸ್ಪತ್ರೆ ಎದುರಿನ ಅಂಗಡಿ ಬಾಗಿಲು ತೆಗೆಯುವುದನ್ನೇ ಕಾದು 280 ರೂಪಾಯಿಗೆ ಒಂದು ನೈಟಿ ತಂದೆ. ಅವಳಂಥ ಇಬ್ಬರಿಗೆ ಆಗುವಷ್ಟು ದೊಡ್ಡದು. ಹೆಗಲ ಹತ್ತಿರ ಎರಡು ಪಿನ್ನು ಹಾಕಿ ಕರೆದುಕೊಂಡು ಬಂದೆ.

ಆಮೇಲೆ ಆ ಕೇಂದ್ರದ ಆಪ್ತಸಮಾಲೋಚಕಿ ಎರಡು ಸಲ ಮಾತಾಡಿದರು. ತುಂಬ ಒಳ್ಳೆಯವರು. ಅವರ ಹತ್ತಿರ ಇವಳು ಬಾಯಿ ಬಿಟ್ಟು ಮಾತಾಡಿದಳು, ಅತ್ತಳು, ಊಟ ಮಾಡಿದಳು. ಮೂರನೇ ಸಲ ಹೋದಾಗ ಅವರು ಕೆಲಸ ಬಿಟ್ಟಿದ್ದರು. ಆರು ತಿಂಗಳಿಂದ ಸಂಬಳ ಬಂದಿರಲಿಲ್ಲವಂತೆ. ಅವರ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಇವಳು ಮತ್ತೆ ಮೌನವಾಗಿದ್ದಾಳೆ.

ಎರಡು ವರ್ಷದ ಹಿಂದೆ ‘ಮಹಿಳೆಯರಿಗೆ ರಕ್ಷಣೆ ಕೊಡಿ’ ಅಂತ ಒಂದು ಮನವಿ ಕೊಟ್ಟಿದ್ದೆವು. ಬಸ್ ಸ್ಟ್ಯಾಂಡಿಗೆ ಕ್ಯಾಮೆರಾ ಬಂತು. ಅದು ಬೇಡ ಅನ್ನುವುದಿಲ್ಲ. ಆದರೆ ಆ ರಾತ್ರಿ ನಮಗೆ ಬೇಕಾಗಿದ್ದದ್ದು ಒಳಗಿನಿಂದ ಬಾಗಿಲು ತೆಗೆಯುವ ಒಬ್ಬ ಮನುಷ್ಯಳು. ಅದನ್ನು ಸರ್ಕಾರದ ಭಾಷೆಯಲ್ಲಿ ಹೇಗೆ ಕೇಳಬೇಕು? ಸಖಿ ಕೇಂದ್ರ ನಡೆಸುವ ದುಡ್ಡು ಯಾರದ್ದು, ಕೇಂದ್ರ ಸರ್ಕಾರದ್ದಾ ರಾಜ್ಯದ್ದಾ? ಇನ್ನೊಂದು ಮಾತು. ಅವಳನ್ನೇ ಶಾಸಕರ ಮುಂದೆ ಕರೆದುಕೊಂಡು ಹೋದರೆ ಮನಸ್ಸು ಕರಗುತ್ತದೆ ಅಂತ ಸಂಘದ ಕೆಲವರು ಹೇಳುತ್ತಿದ್ದಾರೆ. ನನಗೆ ಒಂಚೂರೂ ಇಷ್ಟವಿಲ್ಲ. ನೀವೇನಂತೀರಿ?

ಹಳೇ ಕೌನ್ಸಿಲರ್ ಉತ್ತರ:

ಅಕ್ಕ, ನೀವು ಹೇಳಿದ ಆಪ್ತಸಮಾಲೋಚಕಿ ನಾನಲ್ಲ. ಆದರೆ ಬೇರೆ ಜಿಲ್ಲೆಯಲ್ಲಿ ಇದೇ ಕಾರಣಕ್ಕೆ ಕೆಲಸ ಬಿಟ್ಟವಳು ನಾನು. ಓದಿ ತುಂಬ ಹೊತ್ತು ಸುಮ್ನೆ ಕೂತಿದ್ದೆ.

ದುಡ್ಡಿನ ವಿಷಯ ಹೇಳುತ್ತೇನೆ. ದೆಹಲಿಯ 2012ರ ಘಟನೆ ಆದ ಮೇಲೆ 2013ರ ಕೇಂದ್ರ ಬಜೆಟ್‌ನಲ್ಲಿ 1,000 ಕೋಟಿ ರೂಪಾಯಿಯ ನಿರ್ಭಯಾ ನಿಧಿ ಘೋಷಣೆಯಾಯಿತು. ಅದೇ ನಿಧಿಯಿಂದ 2015ರ ಏಪ್ರಿಲ್‌ನಲ್ಲಿ ಸಖಿ ಕೇಂದ್ರಗಳ ಯೋಜನೆ ಶುರುವಾಯಿತು. ಚಿಕಿತ್ಸೆ, ಪೊಲೀಸ್ ನೆರವು, ಕಾನೂನು ನೆರವು, ಆಪ್ತಸಮಾಲೋಚನೆ, ಐದು ದಿನದ ತನಕ ಉಳಿಯಲು ಜಾಗ. ಇಷ್ಟೂ ಒಂದೇ ಸೂರಿನ ಕೆಳಗೆ, ದಿನದ 24 ಗಂಟೆಯೂ ಸಿಗಬೇಕು. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿದವರನ್ನೂ ಇಲ್ಲಿಗೇ ಜೋಡಿಸಬೇಕು. ಕಾಗದದ ಮೇಲೆ ನಿಜವಾಗಿಯೂ ಒಳ್ಳೆಯ ಯೋಜನೆ. ನಾನು ಅದನ್ನು ನಂಬಿಯೇ ಸೇರಿದ್ದೆ.

ಕಷ್ಟ ಇರುವುದು ದುಡ್ಡು ಬರುವ ದಾರಿಯಲ್ಲಿ. ನಾನಿದ್ದ ಕಡೆ ಹಣ ಕಂತಿನಲ್ಲಿ ಬರುತ್ತಿತ್ತು. ಹಿಂದಿನ ಕಂತಿನ ಲೆಕ್ಕ ಹೋಗದೆ ಮುಂದಿನದು ಇಲ್ಲ. ಲೆಕ್ಕ ಒಂದು ಮೇಜಿನಲ್ಲಿ ನಿಂತರೆ ಎಲ್ಲರ ಸಂಬಳವೂ ನಿಲ್ಲುತ್ತಿತ್ತು. ನಾವೆಲ್ಲ ಗುತ್ತಿಗೆಯವರು. ಐದನೇ ತಿಂಗಳಿಗೆ ರಾತ್ರಿ ಪಾಳಿಯವಳು ಬಿಟ್ಟಳು, ಅವಳ ಪಾಳಿ ನನಗೆ ಬಂತು. ಮನೆಯಲ್ಲಿ ಚಿಕ್ಕ ಮಗು. ನಾನೂ ಬಿಟ್ಟೆ. ಆವತ್ತು ನನ್ನ ಹತ್ತಿರ ಹನ್ನೊಂದು ಜನರ ಫೈಲು ಇತ್ತು. ಒಬ್ಬೊಬ್ಬರಿಗೂ ಫೋನ್ ಮಾಡಿ ‘ಇನ್ನು ನಾನು ಇರುವುದಿಲ್ಲ’ ಅಂತ ಹೇಳಿದೆ. ಆ ಹನ್ನೊಂದು ಫೋನುಗಳನ್ನು ನಾನು ಮರೆತಿಲ್ಲ.

ಅದಕ್ಕೇ ‘ಸಖಿ ಕೇಂದ್ರ ಕೊಡಿ’ ಅಂತ ಬರೆಯಬೇಡಿ. ‘ಕೇಂದ್ರ ಸರ್ಕಾರದ ಕಂತು ತಡವಾದರೆ ರಾಜ್ಯ ಸರ್ಕಾರವೇ ಮುಂಗಡವಾಗಿ ತಿಂಗಳು ತಿಂಗಳು ಸಂಬಳ ಕೊಡಲಿ, ಆಮೇಲೆ ಹೊಂದಾಣಿಕೆ ಮಾಡಿಕೊಳ್ಳಲಿ’ ಅಂತ ಬರೆಯಿರಿ. ರಾಜ್ಯಕ್ಕೆ ಇದೇನೂ ಹೊಸದಲ್ಲ. ನಿರ್ಭಯಾ ನಿಧಿ ಹುಟ್ಟುವುದಕ್ಕೆ ಎಷ್ಟೋ ಮೊದಲೇ ನಮ್ಮಲ್ಲಿ ನೊಂದ ಹೆಣ್ಣುಮಕ್ಕಳಿಗೆ ರಾಜ್ಯದ್ದೇ ಸಾಂತ್ವನ ಕೇಂದ್ರಗಳಿದ್ದವು. ಜಿಲ್ಲಾಸ್ಪತ್ರೆಗಳಲ್ಲಿ ‘ಗೆಳತಿ’ ಅಂತ ವಿಶೇಷ ಚಿಕಿತ್ಸಾ ಘಟಕ ಮಾಡಿದ್ದೂ ಕರ್ನಾಟಕವೇ. ಎಷ್ಟು ಒಳ್ಳೆಯ ಹೆಸರು ಅಲ್ವಾ?

ಜೊತೆಗೆ ಕೈಖರ್ಚಿಗೆ ಒಂದಿಷ್ಟು ಹಣ ಕೇಳಿ. ಬಟ್ಟೆ, ಊಟ, ಗಾಡಿ ಬಾಡಿಗೆಗೆ. ಮೂರು ಸಹಿ ಇಲ್ಲದೆ, ಆ ರಾತ್ರಿಯೇ ಖರ್ಚು ಮಾಡಲು ಆಗುವ ಹಾಗೆ.

ಸಿಸ್ಟರ್ ಉತ್ತರ:

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಮೊದಲು ಒಂದು ಮಾತು, ಅಕ್ಕ. ಮುಖ ತೊಳೆಯಬೇಡ ಅಂದದ್ದಕ್ಕೆ ಕೊರಗಬೇಡಿ. ಗೊತ್ತಿದ್ದಷ್ಟರಲ್ಲಿ ಅವಳ ಒಳ್ಳೆಯದನ್ನೇ ನೋಡಿದಿರಿ. ಪರೀಕ್ಷೆ ಆ ರಾತ್ರಿಯೇ ಆಗಿದ್ದರೆ ಮುಗಿದ ಕೂಡಲೇ ಸ್ನಾನ ಮಾಡಿ ಮಲಗಬಹುದಿತ್ತು. ತಪ್ಪು ಆಗಿದ್ದು ಅಲ್ಲಿ. (ಇನ್ನು ಯಾರಾದರೂ ಸ್ನಾನ ಮಾಡಿಕೊಂಡೇ ಬಂದರೂ ಅವರನ್ನು ವಾಪಸ್ ಕಳಿಸುವ ಹಾಗಿಲ್ಲ. ಇದು ಎಲ್ಲರಿಗೂ ಗೊತ್ತಿರಲಿ.)

ಜಿಲ್ಲಾಸ್ಪತ್ರೆಯಲ್ಲೇ ಪರೀಕ್ಷೆ ಆಗಬೇಕು ಅಂತ ಯಾವ ಕಾನೂನಿನಲ್ಲೂ ಇಲ್ಲ. ಸರ್ಕಾರಿ ಇರಲಿ, ಖಾಸಗಿ ಇರಲಿ, ಎಲ್ಲ ಆಸ್ಪತ್ರೆಗಳೂ ಅತ್ಯಾಚಾರಕ್ಕೆ ಒಳಗಾದವರಿಗೆ ತಕ್ಷಣ ಉಚಿತ ಚಿಕಿತ್ಸೆ ಕೊಡಲೇಬೇಕು. 2013ರಿಂದ ಇರುವ ಈ ನಿಯಮ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಸೆಕ್ಷನ್ ಆಗಿದೆ. ಕೊಡದಿದ್ದರೆ ಆಸ್ಪತ್ರೆ ನಡೆಸುವವರಿಗೆ ಒಂದು ವರ್ಷದ ತನಕ ಜೈಲು. ಹಾಗಿದ್ದರೂ ಯಾಕೆ ಕಳಿಸಿಬಿಡುತ್ತಾರೆ? ಭಯ. ಸಾಕ್ಷಿ ಸಂಗ್ರಹಿಸುವ ಕಿಟ್ ಇರುವುದಿಲ್ಲ, ತರಬೇತಿ ಆಗಿರುವುದಿಲ್ಲ, ನಾಳೆ ಕೋರ್ಟಿಗೆ ಯಾರು ಅಲೆಯುತ್ತಾರೆ ಅನ್ನುವ ಚಿಂತೆ. ಸ್ಯಾಂಪಲ್ಲನ್ನು ನೆರಳಲ್ಲಿ ಒಣಗಿಸಬೇಕು, ಬಟ್ಟೆಯನ್ನು ಪ್ಲಾಸ್ಟಿಕ್‌ನಲ್ಲಿ ಅಲ್ಲ, ಕಾಗದದ ಕವರಿನಲ್ಲಿ ಹಾಕಬೇಕು. ಇಂಥ ಸಣ್ಣ ವಿಷಯ ಗೊತ್ತಿಲ್ಲದೆ ಸಾಕ್ಷಿ ಹಾಳಾಗುತ್ತದೆ. ಹೆಣ್ಣಿಗೆ ಮೊದಲೇ ದೈಹಿಕ ಸಂಬಂಧ ಇತ್ತಾ ಅಂತ ನೋಡುವ ನೆಪದ ‘ಎರಡು ಬೆರಳಿನ ಪರೀಕ್ಷೆ’ ಮಾಡಬಾರದು ಅಂತ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. 2022ರಲ್ಲಿ ಮತ್ತೆ ಹೇಳಬೇಕಾಗಿ ಬಂತು. ತರಬೇತಿಗೆ ದುಡ್ಡು ಇಡದಿದ್ದರೆ ಆಗುವುದು ಇದೇ.

ಸಮಯವೂ ಮುಖ್ಯ. ಎಚ್‌ಐವಿ ತಡೆಯುವ ಮಾತ್ರೆಯನ್ನು 72 ಗಂಟೆಯ ಒಳಗೆ ಶುರು ಮಾಡಬೇಕು. ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಆಮೇಲೆ 28 ದಿನ ಬಿಡದೆ ನುಂಗಬೇಕು. ಆ ಮಾತ್ರೆಗೆ ಕೆಲವರಿಗೆ ಹೊಟ್ಟೆ ತೊಳಸುತ್ತದೆ, ಅರ್ಧಕ್ಕೇ ಬಿಡುತ್ತಾರೆ. ದಿನಾ ಫೋನ್ ಮಾಡಿ ‘ಇವತ್ತು ತಗೊಂಡೆಯಾ ಮಗಳೇ’ ಅಂತ ಕೇಳುವವರು ಒಬ್ಬರು ಬೇಕು. ಅದೂ ಒಂದು ಹುದ್ದೆಯೇ, ಅದಕ್ಕೂ ಸಂಬಳ ಬೇಕು.

ಆದ್ದರಿಂದ ಪ್ರತಿ ತಾಲ್ಲೂಕು ಆಸ್ಪತ್ರೆಗೆ ಕಿಟ್, ವರ್ಷಕ್ಕೊಮ್ಮೆ ತರಬೇತಿ, ಬಾಗಿಲು ಹಾಕಿಕೊಳ್ಳುವ ಒಂದು ಕೋಣೆ ಕೇಳಿ. ಅರವತ್ತು ಕಿಲೋಮೀಟರ್ ಕಾರು ಮಾಡಿಕೊಂಡು ಹೋಗುವ ಶಕ್ತಿ ಎಷ್ಟು ಜನಕ್ಕಿದೆ?

ರೈತಣ್ಣ ಉತ್ತರ:

ಅಕ್ಕ, ಬೇಜಾರು ಮಾಡಿಕೊಳ್ಳಬೇಡಿ. ನನಗೂ ಇಬ್ಬರು ಹೆಣ್ಣುಮಕ್ಕಳು. ಇರುವ ದುಡ್ಡನ್ನು ಮೊದಲು ಪೊಲೀಸಿಗೆ, ಕೋರ್ಟಿಗೆ ಹಾಕಬೇಕು ಅನಿಸುತ್ತದೆ. ತಪ್ಪು ಮಾಡಿದವನಿಗೆ ಬೇಗ ಶಿಕ್ಷೆ ಆದರೆ ಅವಳಿಗೂ ಸಮಾಧಾನ. ಸಮಾಲೋಚನೆ ಮಾಡಿ ಏನು ಬಂತು?

ಒಕ್ಕೂಟದ ಟೈಲರ್:

ಅಣ್ಣ, ಬೇಜಾರೇನೂ ಇಲ್ಲ. ಶಿಕ್ಷೆ ಆಗಲೇಬೇಕು. ಆದರೆ ಕೋರ್ಟಿನಲ್ಲಿ ನಿಂತು ಹೇಳಬೇಕಾದವಳು ಅವಳೇ ಅಲ್ವಾ? ಅಲ್ಲಿಯ ತನಕ ಅವಳು ನಿದ್ದೆ ಮಾಡಬೇಕು, ಊಟ ಮಾಡಬೇಕು, ಊರಿನವರ ಕಣ್ಣು ತಡೆದುಕೊಳ್ಳಬೇಕು. ಕೇಸು ವಾಪಸ್ ತಗೋ ಅಂತ ಬಂದವರಿಗೆ ಇಲ್ಲ ಅನ್ನಬೇಕು. ಆ ಕೌನ್ಸಿಲರ್ ಇದ್ದಾಗ ಇವಳು ‘ನಾನು ಹೇಳ್ತೀನಿ ಅಕ್ಕ’ ಅನ್ನುತ್ತಿದ್ದಳು. ಈಗ ಕೋರ್ಟು ಅಂದರೆ ಎದ್ದು ಒಳಗೆ ಹೋಗುತ್ತಾಳೆ. ಬೇರೆ ಏನೂ ಬದಲಾಗಿಲ್ಲ. ಇನ್ನು, ಶಿಕ್ಷೆ ಆಗದೇ ಹೋದರೂ ಅವಳು ಬದುಕಬೇಕಲ್ಲ ಅಣ್ಣ.

ರೈತಣ್ಣ:

ನೀವು ಹೇಳಿದ ಮೇಲೆ ಅರ್ಥವಾಯಿತು. ಮನವಿಗೆ ಗಂಡಸರ ಸಹಿಯೂ ಬೇಕಾದರೆ ನಮ್ಮ ಹಾಲಿನ ಸಂಘದಲ್ಲಿ ಮಾಡಿಸಿ ಕೊಡುತ್ತೇನೆ.

ಜಿಲ್ಲಾ ಕೋರ್ಟ್ ವಕೀಲೆ ಉತ್ತರ:

ಮೊದಲು ನಿಮ್ಮ ಕೊನೆಯ ಪ್ರಶ್ನೆಗೆ. ದಯವಿಟ್ಟು ಅವಳನ್ನು ಕರೆದುಕೊಂಡು ಹೋಗಬೇಡಿ. ನೊಂದವಳ ಗುರುತು ಹೊರಗೆ ಬರುವ ಹಾಗೆ ಪ್ರಕಟಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಅಪರಾಧ. ಸಭೆಯಲ್ಲಿ ಹತ್ತು ಮೊಬೈಲು ಇರುತ್ತವೆ. ನಿಮ್ಮ ಮನಸ್ಸು ಹೇಳಿದ್ದೇ ಸರಿ.

ಶಾಸಕರಿಗೆ ಕ್ಯಾಮೆರಾ, ಕಟ್ಟಡ ಯಾಕೆ ಸುಲಭ ಅಂದರೆ, ಅವರ ಕ್ಷೇತ್ರದ ನಿಧಿ ಇರುವುದು ಕಾಮಗಾರಿಗೆ. ಅದರಿಂದ ಸಂಬಳ ಕೊಡಲು ಆಗುವುದಿಲ್ಲ. ಹಾಗಾಗಿ ಅವರ ನಿಧಿ ಕೇಳಬೇಡಿ, ಅವರ ಧ್ವನಿ ಕೇಳಿ. ಸರ್ಕಾರಿ ಕೆಲಸಗಳ ಪ್ರಗತಿ ನೋಡುವ ತಾಲ್ಲೂಕು ಕೆಡಿಪಿ ಸಭೆಗೆ ಅವರೇ ಅಧ್ಯಕ್ಷರು. ಅಲ್ಲಿ ಅಧಿಕಾರಿಗಳನ್ನು ಕೇಳಲಿ. ಸದನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಮಂತ್ರಿಗಳು ಬಾಯಿಮಾತಿನಲ್ಲಿ ಉತ್ತರ ಕೊಡಬೇಕಾದ ಪ್ರಶ್ನೆ ಹಾಕಲಿ. ಮನವಿಯ ಒಂದು ಪ್ರತಿ ಜಿಲ್ಲಾಧಿಕಾರಿಗೂ ಹೋಗಲಿ, ಸಖಿ ಕೇಂದ್ರದ ನಿರ್ವಹಣಾ ಸಮಿತಿಗೆ ಅವರೇ ಅಧ್ಯಕ್ಷರು.

ಇವತ್ತೇ ಒಂದು ಮಾಹಿತಿ ಹಕ್ಕು ಅರ್ಜಿ ಹಾಕಿ. 10 ರೂಪಾಯಿ ಶುಲ್ಕ. ಕರ್ನಾಟಕದ ನಿಯಮದಲ್ಲಿ ಒಂದೇ ವಿಷಯ, 150 ಪದದ ಒಳಗೆ ಇರಬೇಕು. ಮಂಜೂರಾದ ಹುದ್ದೆ ಎಷ್ಟು, ಭರ್ತಿ ಎಷ್ಟು, ಕಳೆದ 12 ತಿಂಗಳಲ್ಲಿ ಯಾವ ಯಾವ ತಿಂಗಳ ಸಂಬಳ ಯಾವ ದಿನ ಹೋಯಿತು. ಇಷ್ಟೇ ಕೇಳಿ. ಯಾರ ಹೆಸರನ್ನೂ ಕೇಳಬೇಡಿ. 30 ದಿನದಲ್ಲಿ ಉತ್ತರ ಬರಬೇಕು. ಸಭೆಯ ಹೊತ್ತಿಗೆ ಸಿಕ್ಕರೆ ಮನವಿಗೆ ಲಗತ್ತಿಸಿ. ಆ ಒಂದು ಹಾಳೆಯ ಮುಂದೆ ‘ನೋಡೋಣ’ ಅನ್ನುವುದು ಕಷ್ಟ.

ಅವಳ ಪರಿಹಾರಕ್ಕೆ ಅರ್ಜಿ ಹಾಕಿದ್ದೀರಾ? 2018ರ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ ಯೋಜನೆಯಲ್ಲಿ ಅತ್ಯಾಚಾರಕ್ಕೆ ಕನಿಷ್ಠ 4 ಲಕ್ಷ, ಗರಿಷ್ಠ 7 ಲಕ್ಷ ಅಂತ ಇದೆ. ತೀರ್ಪು ಬರುವ ತನಕ ಕಾಯಬೇಕಿಲ್ಲ, ಮಧ್ಯಂತರ ಪರಿಹಾರ ಕೇಳಬಹುದು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಅಲ್ಲಿ ವಕೀಲರ ನೆರವು ಉಚಿತ.

ಒಕ್ಕೂಟದ ಟೈಲರ್:

ಎಲ್ಲರಿಗೂ ಕೈ ಮುಗಿಯುತ್ತೇನೆ. ಪರಿಹಾರದ ವಿಷಯ ನಮಗೆ ಯಾರೂ ಹೇಳಿರಲಿಲ್ಲ. ಸೋಮವಾರವೇ ಹೋಗುತ್ತೇನೆ. ಮಾಹಿತಿ ಹಕ್ಕು ಅರ್ಜಿ ನಿನ್ನೆ ರಿಜಿಸ್ಟರ್ ಪೋಸ್ಟಿನಲ್ಲಿ ಹೋಯಿತು. ನನ್ನ ಮಗ ಪದ ಎಣಿಸಿದ, 94 ಬಂತು.

ಮನವಿ ಒಂದೇ ಪುಟ. ರಾತ್ರಿ ಪಾಳಿಗೆ ಕಾಯಂ ಸಿಬ್ಬಂದಿ. ಕಂತು ತಡವಾದರೆ ರಾಜ್ಯದಿಂದ ಮುಂಗಡ ಸಂಬಳ. ತಾಲ್ಲೂಕು ಆಸ್ಪತ್ರೆಯಲ್ಲೇ ಪರೀಕ್ಷೆ, ಅದಕ್ಕೆ ಕಿಟ್ ಮತ್ತು ತರಬೇತಿ. ಆ ರಾತ್ರಿಯೇ ಖರ್ಚು ಮಾಡಬಹುದಾದ ಕೈಖರ್ಚಿನ ಹಣ. ‘ರಕ್ಷಣೆ’ ಅನ್ನುವ ಪದವನ್ನು ಈ ಸಲ ಬರೆದೇ ಇಲ್ಲ.

ನಿನ್ನೆ ಸಂಜೆ ಅವಳು ಅಂಗಡಿಗೆ ಬಂದಿದ್ದಳು. ಹೀಗೊಂದು ಮನವಿ ಕೊಡುತ್ತಿದ್ದೇವೆ, ನಿನ್ನ ಹೆಸರು ಎಲ್ಲೂ ಇಲ್ಲ, ನಿನ್ನ ವಿಷಯವೂ ಇಲ್ಲ, ಕೊಡಲಾ ಅಂತ ಕೇಳಿದೆ. ತಲೆಯಾಡಿಸಿದಳು. ಏನಾದರೂ ಸೇರಿಸಬೇಕಾ ಅಂದೆ. ಹೊಲಿಗೆ ಮಿಷಿನ್ ನೋಡುತ್ತಾ ಸ್ವಲ್ಪ ಹೊತ್ತು ಕೂತಿದ್ದಳು. ಆಮೇಲೆ, ‘ಬಟ್ಟೆ ಅಂತ ಮಾತ್ರ ಬರೆಯಬೇಡಿ ಅಕ್ಕ. ಅಳತೆಗೆ ಆಗುವ ಬಟ್ಟೆ ಅಂತ ಬರೆಯಿರಿ’ ಅಂದಳು.

ಬರೆದಿದ್ದೇನೆ.