10ಎಕ್ಸ್ ಪಿಬಿಎಸ್ ಪಿಎಚ್ 6.8 ಬರುತ್ತಿದೆ. ಕಾಸ್ಟಿಕ್ ಸೋಡಾ ಹಾಕಿ ಸರಿ ಮಾಡಲಾ?

ಪ್ರಶ್ನೆ: ಬಫರ್_ಹುಡುಗಿ, ಯಲಹಂಕ

ನಮಸ್ಕಾರ. ಇಲ್ಲೇ ಒಂದು ಲ್ಯಾಬ್‌ನಲ್ಲಿ ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಒಂದು ಲೀಟರ್ 10ಎಕ್ಸ್ ಪಿಬಿಎಸ್ (ಬಳಸುವುದಕ್ಕಿಂತ ಹತ್ತು ಪಟ್ಟು ಗಟ್ಟಿಯಾದ, ಪಿಎಚ್ ಹಿಡಿದಿಡುವ ಫಾಸ್ಫೇಟ್ ಉಪ್ಪುದ್ರಾವಣ) ಮಾಡಿದೆ. ಸೋಡಿಯಂ ಕ್ಲೋರೈಡ್ 80 ಗ್ರಾಂ, ಪೊಟ್ಯಾಶಿಯಂ ಕ್ಲೋರೈಡ್ 2, ಡೈಸೋಡಿಯಂ ಫಾಸ್ಫೇಟ್ 14.4, ಪೊಟ್ಯಾಶಿಯಂ ಡೈಹೈಡ್ರೋಜನ್ ಫಾಸ್ಫೇಟ್ 2.4. ಮೀಟರ್ 6.8 ತೋರಿಸುತ್ತಿದೆ, ಬೇಕಿರುವುದು 7.4. ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಏರಿಸು ಅಂತ ಸೀನಿಯರ್ ಹೇಳುತ್ತಾರೆ. ನಮ್ಮ ಬೋರ್‌ವೆಲ್ ನೀರಿನ ಗಡಸುತನ ಅಂತ ಇನ್ನೊಬ್ಬರು. ಆದರೆ ನಾನು ಬಳಸಿದ್ದು ಮಿಲಿಕ್ಯೂ (ಅತಿ ಶುದ್ಧ) ನೀರು. ಮೀಟರ್ ಕೂಡ ಬೆಳಿಗ್ಗೆಯೇ ಕ್ಯಾಲಿಬ್ರೇಟ್ ಮಾಡಿದ್ದು.

ಉತ್ತರ: ಹಳೇ_ಪಿಪೆಟ್

ಮುಟ್ಟಬೇಡಮ್ಮಾ. 100 ಎಂಎಲ್ ತೆಗೆದು, ನೀರು ಬೆರೆಸಿ ಒಂದು ಲೀಟರ್‌ಗೆ ಮಾಡಿ (ಅದು 1ಎಕ್ಸ್), ಆಮೇಲೆ ಅಳೆದು ನೋಡು. 7.4ರ ಆಸುಪಾಸಿಗೆ ತಾನೇ ಬರುತ್ತದೆ.

ನೀರಿನದೂ ತಪ್ಪಿಲ್ಲ, ಮೀಟರಿನದೂ ಇಲ್ಲ. ಇದು ಅಯಾನಿಕ್ ಸ್ಟ್ರೆಂತ್ (ದ್ರಾವಣದಲ್ಲಿ ಚಾರ್ಜ್ ಇರುವ ಕಣಗಳು ಎಷ್ಟಿವೆ ಎಂಬ ಅಳತೆ) ಆಟ. ಫಾಸ್ಫೇಟಿನ ಒಂದು ರೂಪಕ್ಕೆ ಒಂದು ಋಣ ಚಾರ್ಜ್, ಪ್ರೋಟಾನ್ ಬಿಟ್ಟ ರೂಪಕ್ಕೆ ಎರಡು. ಉಪ್ಪು ಜಾಸ್ತಿಯಾದರೆ ಧನ ಅಯಾನುಗಳು ಇವುಗಳ ಸುತ್ತ ಮುತ್ತಿಕೊಳ್ಳುತ್ತವೆ, ಎರಡು ಚಾರ್ಜ್ ಇರುವುದರ ಸುತ್ತ ಇನ್ನೂ ಜಾಸ್ತಿ. ಹಾಗಾಗಿ ಆ ರೂಪಕ್ಕೆ ನೆಮ್ಮದಿ, ಪ್ರೋಟಾನ್ ಸಲೀಸಾಗಿ ಬಿಟ್ಟುಹೋಗುತ್ತದೆ, ಪಿಎಚ್ ಇಳಿಯುತ್ತದೆ. ಪುಸ್ತಕದಲ್ಲಿರುವ ಪಿಕೆಎ (ಎರಡೂ ರೂಪ ಸಮವಾಗಿರುವ ಪಿಎಚ್) 7.2 ಉಪ್ಪೇ ಇಲ್ಲದ ಲೆಕ್ಕ. 1ಎಕ್ಸ್‌ನಲ್ಲಿ ಅದು ಸುಮಾರು 6.8. 10ಎಕ್ಸ್‌ನಲ್ಲಿ ಇನ್ನೂ ಕೆಳಗೆ.

ಚಾರ್ಜಿನ ವರ್ಗವನ್ನು (ಚಾರ್ಜನ್ನು ಅದರಿಂದಲೇ ಗುಣಿಸಿದ್ದನ್ನು) ಹಿಡಿಯುವುದೇ ಅಯಾನಿಕ್ ಸ್ಟ್ರೆಂತ್ ಲೆಕ್ಕದ ಮರ್ಮ. 0.1 ಮೋಲಾರ್ ಸೋಡಿಯಂ ಕ್ಲೋರೈಡ್ ಆದರೆ ಅಯಾನಿಕ್ ಸ್ಟ್ರೆಂತ್ 0.1. ಅಷ್ಟೇ ಮೆಗ್ನೀಸಿಯಂ ಸಲ್ಫೇಟ್ ಆದರೆ 0.4. ವಿಜ್ಞಾನಿಗಳಾದ ಲೂಯಿಸ್, ರಾಂಡಲ್ ಇದನ್ನು 1921ರಲ್ಲೇ ಹೇಳಿದರು, ಡಿಬೈ, ಹ್ಯೂಕೆಲ್ 1923ರಲ್ಲಿ ಉಪ್ಪಿನ ಈ ಪ್ರಭಾವ ಲೆಕ್ಕ ಹಾಕುವ ಸೂತ್ರ ಕೊಟ್ಟರು. ಆ ಸೂತ್ರ ತೆಳು ದ್ರಾವಣಕ್ಕೆ ಮಾತ್ರ. ನಿನ್ನ 10ಎಕ್ಸ್‌ಗೆ ಅದನ್ನು ಹಾಕಿ ಲೆಕ್ಕ ಮಾಡುತ್ತಾ ಕೂರಬೇಡ.

ಸೀನಿಯರ್ ಮಾತು ಕೇಳಿ ಈಗಲೇ 7.4 ಮಾಡಿದರೆ, ನೀರು ಬೆರೆಸಿದ ಮೇಲೆ 8ರ ಹತ್ತಿರ ಹೋಗುತ್ತದೆ. ಆಮೇಲೆ ಕೋಶಗಳು ಯಾಕೆ ಸಪ್ಪಗಿವೆ ಅಂತ ಹುಡುಕಬೇಕಾಗುತ್ತದೆ! ಇನ್ನೊಂದು, ಬಾಟಲಿ ಫ್ರಿಜ್‌ನಲ್ಲಿ ಇಟ್ಟರೆ ತಳದಲ್ಲಿ ಫಾಸ್ಫೇಟ್ ಹರಳು ಕಟ್ಟಬಹುದು. ಬೆಚ್ಚಗೆ ಮಾಡಿ ಕಲಕು, ಪೂರ್ತಿ ಕರಗಿದ ಮೇಲೆ ಬಳಸು.

ಉತ್ತರ: ಕೋಲ್ಡ್‌ರೂಮ್_ಕಾವಲು

ಸರ್ ಹೇಳಿದ್ದು ಸರಿ. ಇನ್ನೊಂದು ಬಫರ್ ಆದ ಟ್ರಿಸ್‌ನಲ್ಲಿ ಉಪ್ಪಿನ ಕಾಟ ಇಷ್ಟಿಲ್ಲ, ಒಂದು ರೂಪಕ್ಕೆ ಚಾರ್ಜೇ ಇಲ್ಲವಲ್ಲ. ಅಲ್ಲಿ ತಲೆನೋವು ತಾಪಮಾನದ್ದು. ಒಂದು ಡಿಗ್ರಿ ತಣ್ಣಗಾದರೆ ಪಿಎಚ್ ಸುಮಾರು 0.03 ಏರುತ್ತದೆ. ಹೊರಗೆ 25 ಡಿಗ್ರಿಯಲ್ಲಿ ಹೊಂದಿಸಿ 4 ಡಿಗ್ರಿಗೆ ಒಯ್ದರೆ ಪಿಎಚ್ 0.6ರಷ್ಟು ಏರಿರುತ್ತದೆ.

ಬಫರ್_ಹುಡುಗಿ

1ಎಕ್ಸ್ ಮಾಡಿದೆ, 7.4 ಬಂತು! ಥ್ಯಾಂಕ್ಸ್ ಸರ್. ಸುಮ್ನೆ ಇನ್ನೊಂದು ಕೇಳುತ್ತೇನೆ. ನನ್ನ ಪ್ರೋಟೀನ್ ಪಿಬಿಎಸ್‌ನಲ್ಲಿದೆ. ಅಯಾನ್ ಎಕ್ಸ್‌ಚೇಂಜ್ ಕಾಲಂಗೆ (ಚಾರ್ಜಿನ ಸೆಳೆತದಿಂದ ಪ್ರೋಟೀನ್ ಹಿಡಿಯುವ ಕೊಳವೆ) ಹಾಕಿದರೆ ಹಿಡಿಯದೆ ಹಾಗೇ ಹರಿದುಹೋಗುತ್ತದೆ. ಅದಕ್ಕೂ ಇದೇ ಕಾರಣನಾ?

ಹಳೇ_ಪಿಪೆಟ್

ಬಹುಮಟ್ಟಿಗೆ ಅದೇ. 0.15 ಮೋಲಾರ್ ಉಪ್ಪಿನಲ್ಲಿ ಒಂದು ಚಾರ್ಜಿನ ಪ್ರಭಾವ 0.8 ನ್ಯಾನೋಮೀಟರ್ ದಾಟುವಷ್ಟರಲ್ಲೇ ಸೊರಗುತ್ತದೆ. 1 ಮಿಲಿಮೋಲಾರ್‌ನಲ್ಲಾದರೆ ಹತ್ತಿರಹತ್ತಿರ 10 ನ್ಯಾನೋಮೀಟರ್ ತನಕ ಇರುತ್ತದೆ. ಜೊತೆಗೆ ಕಾಲಂನ ಜಾಗಕ್ಕೆ ಉಪ್ಪೂ ಪೈಪೋಟಿ ಮಾಡುತ್ತದೆ. ಪ್ರೋಟೀನನ್ನು 20 ಮಿಲಿಮೋಲಾರ್ ಟ್ರಿಸ್‌ಗೆ ಡಯಾಲಿಸಿಸ್ ಮಾಡಿ (ಪೊರೆಯ ಮೂಲಕ ಉಪ್ಪು ಬಿಡಿಸಿ) ಹಾಕು. ಹಿಡಿದ ಮೇಲೆ ಉಪ್ಪು ಮೆಲ್ಲಗೆ ಏರಿಸಿ ಪ್ರೋಟೀನನ್ನು ಕಾಲಂನಿಂದ ಇಳಿಸಿಕೋ. ನಿಂದು ಯಾವ ಕಾಲಂ, ಪ್ರೋಟೀನಿನ ಪಿಐ (ಒಟ್ಟು ಚಾರ್ಜ್ ಸೊನ್ನೆಯಾಗುವ ಪಿಎಚ್) ಎಷ್ಟು, ಅದನ್ನು ಮೊದಲು ಹೇಳು.